ನಿಮ್ಮ ‘ಕಂಬಳಿ’ ಕತೆಯ ಬಗ್ಗೆ

ನಮಸ್ಕಾರ.

ನಿಮ್ಮ ಕತೆ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಈಗಿನ ಕೆನಡಾದ ನೋವಾ ಸ್ಕೋಷಿಯಾದಲ್ಲಿ ನೆಲ ಕಳೆದುಕೊಂಡ ಮೂಲನಿವಾಸಿ ಮಿಕ್ಮಾಕ್ ಜನರ ಬಗ್ಗೆ ಕನ್ನಡದಲ್ಲಿ ಬರೆಯುವವರು ಸಿಗುವುದೇ ಅಪರೂಪ.

ತೊಂದರೆ ಇರುವುದು ಕತೆಯ ನಡುಭಾಗದಲ್ಲಿ. 1840ರ ದಶಕದ ಚಳಿಗಾಲ. ಹಸಿದ ಕುಟುಂಬವೊಂದು ಅಲ್ಲಿನ ರಾಜಧಾನಿ ಹ್ಯಾಲಿಫ್ಯಾಕ್ಸ್‌ನಲ್ಲಿ ಬ್ರಿಟಿಷ್ ಅಧಿಕಾರಿಯ ಮುಂದೆ ನಿಂತು ಅಳುತ್ತದೆ. ಅವನ ಮನಸ್ಸು ಕರಗಿ ಕಂಬಳಿ ಕೊಡುತ್ತಾನೆ. ಅಲ್ಲಿಗೆ ಕತೆ ಅವನದಾಯಿತು. ಆ ಕುಟುಂಬದವರ ಬಾಯಲ್ಲಿ ನೀವು ಒಂದು ಮಾತೂ ಆಡಿಸಿಲ್ಲ.

ನಿಜಕ್ಕೂ ಅವರು ಸುಮ್ನೆ ಅಳುತ್ತಾ ನಿಂತವರಲ್ಲ. ಮಿಕ್ಮಾಕ್ ಮುಖಂಡ ಪೆಮಿನುಯಿಟ್ ಪಾಲ್ ನೇರವಾಗಿ ವಿಕ್ಟೋರಿಯಾ ರಾಣಿಗೇ ಪತ್ರ ಬರೆಸಿದರು. 1841ರಲ್ಲಿ ಅದು ಲಂಡನ್ ತಲುಪಿತು. ನನ್ನ ದೋಣಿ ಚಿಕ್ಕದು, ನನಗೆ ವಯಸ್ಸಾಗಿದೆ, ಸಮುದ್ರ ದಾಟಿ ಬಂದು ಮಾತಾಡಲಾರೆ ಎಂದು ಅದರಲ್ಲಿ ಹೇಳುತ್ತಾರೆ. ಕಾಡೆಲ್ಲ ನಮ್ಮ ಹಿರಿಯರದಾಗಿತ್ತು, ಈಗ ಚಳಿಗೆ ಬೆಂಕಿ ಹಾಕಲು ಒಂದು ಮರ ಕಡಿಯಬೇಕಾದರೂ ಬಿಳಿಯರ ಒಪ್ಪಿಗೆ ಬೇಕು ಎನ್ನುತ್ತಾರೆ. ಬೇಟೆಯ ನೆಲ ಹೋಯಿತು, ಬೀವರ್ ಇಲ್ಲ, ನೀರುನಾಯಿ ಇಲ್ಲ. ಕಳೆದುಕೊಂಡದ್ದನ್ನು ಒಂದೊಂದಾಗಿ ಲೆಕ್ಕ ಕೊಡುವ ಪತ್ರ ಅದು. ಮುಂದಿನ ವರ್ಷವೇ ನೋವಾ ಸ್ಕೋಷಿಯಾ ಸರ್ಕಾರ ಕಾನೂನು ಮಾಡಿ, ಪತ್ರಕರ್ತ ಜೋಸೆಫ್ ಹೋವ್ ಅವರನ್ನು ಮೂಲನಿವಾಸಿಗಳ ವಿಷಯ ನೋಡಿಕೊಳ್ಳುವ ಕಮಿಷನರ್ ಆಗಿ ನೇಮಿಸಿತು.

ಇನ್ನು ನಿಮ್ಮ ಕಂಬಳಿ. ಮಿಕ್ಮಾಕ್ ಜನರ ಜೊತೆಗಿನ 1752ರ ಒಪ್ಪಂದದಲ್ಲಿ ಪ್ರತಿ ಅಕ್ಟೋಬರ್ 1ರಂದು ಕಂಬಳಿ, ಹೊಗೆಸೊಪ್ಪು, ಮದ್ದುಗುಂಡು ಕೊಡುತ್ತೇವೆ ಎಂದು ಬ್ರಿಟಿಷರೇ ಬರೆದುಕೊಟ್ಟಿದ್ದರು. ಆ ಶಾಂತಿ ಬೇಗ ಮುರಿದುಬಿತ್ತು, ಮತ್ತೆ 1760-61ರಲ್ಲಿ ಹೊಸ ಒಪ್ಪಂದಗಳಾದವು. ಯಾವುದರಲ್ಲೂ ಮಿಕ್ಮಾಕ್ ಜನ ನೆಲ ಬಿಟ್ಟುಕೊಟ್ಟಿರಲಿಲ್ಲ. ಇದನ್ನು ತಿಳಿದು ಓದಿದರೆ ಅಧಿಕಾರಿಯ ಕೈಯಲ್ಲಿರುವ ಕಂಬಳಿ ದಾನವಾಗಿ ಕಾಣುತ್ತದಾ, ನೀವೇ ಹೇಳಿ.

ಅವರು ಬಡವರಾಗಿದ್ದರು ಎಂದು ನಾಲ್ಕಾರು ಕಡೆ ಬರೆದಿದ್ದೀರಿ. ಯಾಕೆ ಬಡವರಾದರು ಅಂತ ಎಲ್ಲೂ ಇಲ್ಲ. ಬೇಟೆ ಬಿಟ್ಟು ಬೇಸಾಯ ಮಾಡಿ ಎಂಬ ಸರ್ಕಾರದ ಮಾತಿಗೆ ಆಲೂಗಡ್ಡೆ ಹಾಕಿದವರಿದ್ದರು. 1845ರಿಂದ ರೋಗ ಬಂದು ಆ ಬೆಳೆಯೂ ಕೊಳೆಯಿತು. ನಿಮ್ಮ ಕುಟುಂಬದ ತಾಯಿಯನ್ನು ಆ ಹೊಲದಲ್ಲಿ ನಿಲ್ಲಿಸಿ. ಕಚೇರಿಗೆ ಹೋದಾಗ ಅವಳೇ ಮಾತಾಡಲಿ, ಬೇಕಾದರೆ ಜಗಳವನ್ನೂ ಆಡಲಿ.

ಮಂಜು ಬೀಳುವ ವರ್ಣನೆ ಜಾಸ್ತಿ ಆಯಿತು, ಅರ್ಧ ತೆಗೆಯಿರಿ. ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಹಾಕಿ ಪೆಟ್ಟಿಗೆ ಹೆಣೆಯುವ ಭಾಗ ಮಾತ್ರ ತುಂಬ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತಿದ್ದಿದ ಮೇಲೆ ನನ್ನ ಹೆಸರಿಗೇ ಕಳಿಸಿ.