ಹುಟ್ಟಿದ್ದೆಷ್ಟು, ತೇಲಿ ಬಂದದ್ದೆಷ್ಟು?

ಕಾರವಾರದ ಓದುಗರೊಬ್ಬರು ಕೇಳಿದ್ದಾರೆ: "ಕಳೆದ ಸಂಚಿಕೆಯ ಲೇಖನದಲ್ಲಿ, ಕಡಲು ಬಿಸಿಯಾದಂತೆ ಕಾಂಗ್ಸ್‌ಫ್ಯೋರ್ಡಿನ ಪ್ರಾಣಿಪ್ಲವಕಗಳು (ನೀರಿನೊಡನೆ ತೇಲುವ ಪುಟ್ಟ ಪ್ರಾಣಿಗಳು) ಕಡಿಮೆಯಾಗುತ್ತಿವೆ ಎಂದಿದೆ. ಮುಂದಿನ ಪುಟದಲ್ಲೇ, ಬೆಚ್ಚಗಿನ ವರ್ಷ ಬಲೆ ತುಂಬ ಬಿದ್ದವು ಎಂದಿದೆ. ಯಾವುದನ್ನು ನಂಬಲಿ?"

ಮಾನ್ಯರೇ, ಎರಡನೆಯದನ್ನು; ಅದನ್ನೂ ಸ್ವಲ್ಪ ಅನುಮಾನದಿಂದಲೇ. ಮೊದಲ ವಾಕ್ಯದ ತಪ್ಪು ಲೇಖಕರದ್ದಲ್ಲ. ಪುಟಕ್ಕೆ ಹೊಂದಿಸಲು ನಾನು ಕತ್ತರಿ ಆಡಿಸುವಾಗ 'ಶೀತಪ್ರಿಯ ಜಾತಿಯ' ಎಂಬ ಎರಡು ಪದ ಹಾರಿಹೋದವು.

ಕಾಂಗ್ಸ್‌ಫ್ಯೋರ್ಡ್ ಇರುವುದು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಫ್ಯೋರ್ಡ್ ಎಂದರೆ ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲತೋಳು. ಹಲವು ಫ್ಯೋರ್ಡ್‌ಗಳ ಬಾಯಲ್ಲಿ ನೀರೊಳಗೆ ಎತ್ತರದ ಹೊಸ್ತಿಲಿರುತ್ತದೆ, ಹೊರಗಿನ ಆಳದ ನೀರು ಸುಲಭವಾಗಿ ಒಳಬರದು. ಇದಕ್ಕೆ ಅಂಥ ಹೊಸ್ತಿಲಿಲ್ಲ. ಹೊರಗೆ ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಹೊತ್ತ ಪಶ್ಚಿಮ ಸ್ಪಿಟ್ಸ್‌ಬರ್ಗನ್ ಪ್ರವಾಹ ಹರಿಯುತ್ತಿರುತ್ತದೆ. ಅದರಲ್ಲಿ ಎಷ್ಟು ಒಳನುಗ್ಗಬೇಕೆಂಬುದು ಬಹುಮಟ್ಟಿಗೆ ಗಾಳಿಯ ಮರ್ಜಿ.

ಆ ಗಾಳಿಯ ಬೇರು ದೂರದಲ್ಲಿದೆ. ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಬಳಿಯ ಅಧಿಕ ಒತ್ತಡಕ್ಕೂ ಐಸ್‌ಲ್ಯಾಂಡ್ ಬಳಿಯ ಕಡಿಮೆ ಒತ್ತಡಕ್ಕೂ ನಡುವಿನ ಅಂತರ ಹಿಗ್ಗುವ, ಕುಗ್ಗುವ ಆಟವೇ ಉತ್ತರ ಅಟ್ಲಾಂಟಿಕ್ ಆಂದೋಲನ. ಅಂತರ ಹಿಗ್ಗಿದರೆ ಪಶ್ಚಿಮದ ಗಾಳಿ ಬಲಗೊಳ್ಳುತ್ತದೆ, ಬೆಚ್ಚಗಿನ ನೀರು ಉತ್ತರಕ್ಕೆ ಹೆಚ್ಚು ಸಾಗುತ್ತದೆ. ಆದರೆ ಈ ಸೂಚ್ಯಂಕವೊಂದನ್ನೇ ನೋಡಿ ಫ್ಯೋರ್ಡಿನ ಭವಿಷ್ಯ ಹೇಳಹೊರಟರೆ ಎಡವುತ್ತೇವೆ. 2006ರ ಚಳಿಗಾಲದಲ್ಲಿ ಆ ತೀರದಗುಂಟ ಉತ್ತರದ ಗಾಳಿ ಬಿಡದೆ ಬೀಸಿತು. ಮೇಲಿನ ನೀರು ದಡದಿಂದ ದೂರ ಸರಿಯಿತು, ಕೆಳಗಿನ ಅಟ್ಲಾಂಟಿಕ್ ನೀರು ಮೇಲೆದ್ದು ಬಂತು. ಮಳೆಗಾಲದಲ್ಲಿ ನಿಮ್ಮ ಕಡಲಲ್ಲೂ ಕೆಳನೀರು ಮೇಲೇಳುತ್ತದಲ್ಲ, ಅದು ತಣ್ಣಗಿರುತ್ತದೆ. ಅಲ್ಲಿ ಚಳಿಗಾಲದಲ್ಲಿ ಕೆಳಗಿನದೇ ಬೆಚ್ಚಗೆ. ಉತ್ತರದ ಗಾಳಿ ಬೀಸಿದ್ದಕ್ಕೇ ಮಂಜುಗಡ್ಡೆ ಎಂದಿನಂತೆ ಕಟ್ಟಲಿಲ್ಲ!

ನೀರಿನ ಜೊತೆ ಪ್ರಯಾಣಿಕರೂ ಬರುತ್ತಾರೆ. ಹಾಗಾಗಿ ಬಲೆ ತುಂಬಿದರೂ ಅಲ್ಲೇ ಹುಟ್ಟಿದ್ದೆಷ್ಟು, ತೇಲಿ ಬಂದದ್ದೆಷ್ಟು ಎಂದು ಹೇಳುವುದು ಕಷ್ಟ. ಎರಡು ಪ್ರಾಣಿಪ್ಲವಕಗಳನ್ನೇ ನೋಡಿ: ಕ್ಯಾಲನಸ್ ಫಿನ್‌ಮಾರ್ಕಿಕಸ್ ಅಟ್ಲಾಂಟಿಕ್‌ನದು; ಕ್ಯಾಲನಸ್ ಗ್ಲೇಸಿಯಾಲಿಸ್ ಶೀತನೀರಿನದು. ಅಕ್ಕಿನುಚ್ಚಿನಷ್ಟು ದೇಹ, ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದಡಿ ಇಟ್ಟರೆ ಒಳಗೆ ಉದ್ದಕ್ಕೂ ಮಿನುಗುವ ಎಣ್ಣೆಚೀಲ. ಗ್ಲೇಸಿಯಾಲಿಸ್‌ನ ಚೀಲ ಹಲವು ಪಟ್ಟು ದೊಡ್ಡದು, ಲಿಟಲ್ ಆಕ್ ಹಕ್ಕಿ ಮರಿಗೆ ತರುವ ಬುತ್ತಿ ಅದೇ. ಹಾಗಾಗಿ ಬಲೆಯಲ್ಲಿ ತಲೆ ಹೆಚ್ಚಾದರೂ ಹಕ್ಕಿಯ ಗೂಡಿಗೆ ಕೊಬ್ಬು ಕಡಿಮೆಯಾಗಬಹುದು. ಎಣಿಕೆಯೂ ಸಲೀಸಲ್ಲ. ಇವೆರಡನ್ನು ಬಹುಕಾಲ ಉದ್ದ ಅಳೆದು ಬೇರ್ಪಡಿಸುತ್ತಿದ್ದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಒಂದರ ಲೆಕ್ಕ ಇನ್ನೊಂದರ ಖಾತೆಗೆ ಬಿದ್ದಿದ್ದು ಗೊತ್ತಾಯಿತು.

ಇನ್ನೊಂದು ತೊಡಕು: ಬಲೆ ಇಳಿಯುವುದು ಹೆಚ್ಚಾಗಿ ಬೇಸಿಗೆಯಲ್ಲಿ, ನೀರು ನುಗ್ಗುವ ಕಥೆ ಶುರುವಾಗುವುದು ಚಳಿಗಾಲದ ಕತ್ತಲಲ್ಲಿ. ಭಾರತ 2014ರಲ್ಲಿ ಇದೇ ಫ್ಯೋರ್ಡಿನೊಳಗೆ ಲಂಗರು ಹಾಕಿ ನಿಲ್ಲಿಸಿದ 'ಇಂಡ್‌ಆರ್ಕ್' ಉಪಕರಣಮಾಲೆ ಆ ಕತ್ತಲಲ್ಲೂ ನೀರಿನ ಉಷ್ಣತೆ, ಲವಣಾಂಶ ಬರೆದಿಡಬಲ್ಲದು. ನಿಮ್ಮ ಪತ್ರದಲ್ಲಿ "ಇದಕ್ಕೆಲ್ಲ ದುಡ್ಡೇಕೆ" ಎಂಬ ಸಾಲೂ ಇತ್ತು, ಇದಕ್ಕೇ.

ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಆ ಎರಡು ಪದಗಳಿಗೆ ಈ ಸಲ ಜಾಗ ಬಿಟ್ಟಿದ್ದೇನೆ.

– ಸಂ.