ಜಗಳವೇ ಬೇಡವೆಂದರೆ ಸದನ ಯಾಕೆ ಸ್ವಾಮಿ?

ಪ್ರಶ್ನೆ: ಐರೋಪ್ಯ ಪಾರ್ಲಿಮೆಂಟಿನಲ್ಲಿ 27 ದೇಶಗಳ 720 ಸದಸ್ಯರು ಒಂದು ವರ್ಷದ ಬಜೆಟ್ಟಿಗಾಗಿ ಬೇಸಿಗೆಯಿಂದ ಡಿಸೆಂಬರ್‌ವರೆಗೆ ಕಿತ್ತಾಡುತ್ತಾರಂತೆ. ನಮ್ಮಲ್ಲಿ ಲಕ್ಷಾಂತರ ಕೋಟಿ ಅರ್ಧ ಗಂಟೆಯಲ್ಲಿ ಪಾಸಾಗುತ್ತದೆ. ದಕ್ಷತೆ ಯಾರದು? (ಸಾಗರದ ಓದುಗರೊಬ್ಬರು)

ಉತ್ತರ: ನಿಮ್ಮ ಮಾತಿನಲ್ಲಿ ಕಾಲುಪಾಲು ನಿಜವಿದೆ, ಅದನ್ನು ಮೊದಲೇ ಕೊಟ್ಟುಬಿಡುತ್ತೇನೆ. ಆ ಪಾರ್ಲಿಮೆಂಟು ಬ್ರಸೆಲ್ಸ್ ಮತ್ತು ಸ್ಟ್ರಾಸ್‌ಬರ್ಗ್ ನಡುವೆ ಗಂಟುಮೂಟೆ ಹೊತ್ತು ಓಡಾಡುವುದು ಶುದ್ಧ ದಂಡ. 2016ರಲ್ಲಿ ಬಜೆಟ್ಟನ್ನು ತನ್ನ ನೆಲದ ಸ್ಟ್ರಾಸ್‌ಬರ್ಗ್ ಬಿಟ್ಟು ಬ್ರಸೆಲ್ಸ್‌ನಲ್ಲಿ ಅಂಗೀಕರಿಸಿದ್ದಕ್ಕೆ ಫ್ರಾನ್ಸ್ ಕೋರ್ಟಿಗೆ ಹೋಯಿತು. ಗಡುವಿನ ಒತ್ತಡವಿದ್ದರೆ ಅಲ್ಲೂ ಅಂಗೀಕರಿಸಬಹುದು ಎಂದು 2018ರಲ್ಲಿ ತೀರ್ಪು ಬರಬೇಕಾಯಿತು. ಇನ್ನೊಂದು ಕೊರತೆ, ಆ ಸದನ ಖರ್ಚು ಮಾಡಬಲ್ಲದು, ತೆರಿಗೆ ಹಾಕಲಾರದು. ಇಷ್ಟು ನಿಮ್ಮ ಕಡೆಗೆ. ಉಳಿದದ್ದಕ್ಕೆ ನನ್ನ ಒಪ್ಪಿಗೆಯಿಲ್ಲ.

ನೀವು ಕಿತ್ತಾಟ ಎಂದದ್ದಕ್ಕೆ ದಿನ ಎಣಿಸಿ ಇಟ್ಟ ಕಟ್ಟುಪಾಡಿದೆ. ಐರೋಪ್ಯ ಒಕ್ಕೂಟದ ಒಪ್ಪಂದದ 314ನೇ ವಿಧಿಯ ಪ್ರಕಾರ ಆಯೋಗವು, ಅಂದರೆ ಒಕ್ಕೂಟದ ಆಡಳಿತ ನಡೆಸುವ ಸಂಸ್ಥೆಯು, ಸೆಪ್ಟೆಂಬರ್ 1ರೊಳಗೆ ಕರಡು ಮಂಡಿಸಬೇಕು. ರೂಢಿಯಲ್ಲಿ ಬೇಸಿಗೆಯಲ್ಲೇ ಮಂಡಿಸುತ್ತದೆ. ಸದಸ್ಯ ದೇಶಗಳ ಮಂತ್ರಿಗಳ ಕೌನ್ಸಿಲ್ ಅಕ್ಟೋಬರ್ 1ರೊಳಗೆ ತನ್ನ ನಿಲುವು ಹೇಳಬೇಕು. ಆಮೇಲೆ ಪಾರ್ಲಿಮೆಂಟಿಗೆ 42 ದಿನ. ಅಷ್ಟರಲ್ಲಿ ಅದು ಬಾಯಿ ಬಿಡದಿದ್ದರೆ ಕೌನ್ಸಿಲ್ ಹೇಳಿದ್ದೇ ಬಜೆಟ್. ತಿದ್ದಿದರೆ 27 ಮಂತ್ರಿ ಪ್ರತಿನಿಧಿಗಳು, 27 ಸಂಸದರ ಸಂಧಾನ ಸಮಿತಿ ಕೂರುತ್ತದೆ, 21 ದಿನಕ್ಕೆ. ಒಪ್ಪಿದ ಪಠ್ಯವನ್ನು ಎರಡೂ ಕಡೆ 14 ದಿನದಲ್ಲಿ ಅಂಗೀಕರಿಸಬೇಕು.

ಕರಡಿನ ಒಂದು ಸಾಲನ್ನು ಹಿಡಿದು ನೋಡಿ. ಸಂಶೋಧನೆಯ ಒಂದು ಬಾಬಿಗೆ ಆಯೋಗ 10 ಕೋಟಿ ಯೂರೋ ಬರೆದಿದೆ ಅನ್ನಿ. ಕೌನ್ಸಿಲ್‌ನಲ್ಲಿ ಕೊಡುವುದು ಹೆಚ್ಚು, ಪಡೆಯುವುದು ಕಡಿಮೆ ಎನ್ನುವ ದೇಶಗಳ ಒತ್ತಡವಿರುತ್ತದೆ. "ಹೋದ ವರ್ಷದ ಹಣವೇ ಪೂರ್ತಿ ಖರ್ಚಾಗಿಲ್ಲ" ಎಂದು ಅದನ್ನು ಒಂಬತ್ತೂವರೆಗೆ ಇಳಿಸುತ್ತಾರೆ. ಪಾರ್ಲಿಮೆಂಟಿನ ಬಜೆಟ್ ಸಮಿತಿ ಮೊದಲು ಆ ಕಡಿತವನ್ನು ಅಳಿಸಿ ಹತ್ತಕ್ಕೆ ತರುತ್ತದೆ, ತನಗೆ ಮುಖ್ಯವೆನಿಸಿದರೆ ಹನ್ನೊಂದು ಮಾಡುತ್ತದೆ. ತಿದ್ದುಪಡಿ ಚೀಟಿಯಲ್ಲಿ ಬಾಬಿನ ಸಂಖ್ಯೆ, ಹಳೆಯ ಮೊತ್ತ, ಹೊಸ ಮೊತ್ತ, ಸಮರ್ಥನೆ ಎಲ್ಲ ಇರಬೇಕು. ಒಂದು ಅಂಕಿ ಸಾಲದು, ಎರಡು ಬೇಕು: ಈ ವರ್ಷ ಎಷ್ಟಕ್ಕೆ ಮಾತು ಕೊಡಬಹುದು, ಎಷ್ಟು ಕೈಯಿಂದ ಬಿಚ್ಚಬಹುದು. 2025ರ ಬಜೆಟ್ಟಿನಲ್ಲಿ ಮೊದಲನೆಯದು ಸುಮಾರು 19,940 ಕೋಟಿ ಯೂರೋ, ಎರಡನೆಯದು ಸುಮಾರು 15,520 ಕೋಟಿ. ಮಾತು ಧಾರಾಳವಾಗಿ ಕೊಟ್ಟು ಪಾವತಿಯಲ್ಲಿ ಜಿಪುಣತನ ತೋರಿದರೆ ಬಿಲ್ಲುಗಳು ರಾಶಿ ಬೀಳುತ್ತವೆ. 2014ರ ಕೊನೆಗೆ ಪ್ರಾದೇಶಿಕ ಅಭಿವೃದ್ಧಿ ನಿಧಿಗಳ ಲೆಕ್ಕದಲ್ಲೇ ಸುಮಾರು 2,470 ಕೋಟಿ ಯೂರೋ ಬಾಕಿ ನಿಂತಿತ್ತು.

ಹಣ ಬೇಡ, ಬಾಬು ಮಾತ್ರ ಬದುಕಿರಲಿ ಎಂದರೆ ಮೊತ್ತದ ಜಾಗದಲ್ಲಿ "ಪಿ.ಎಂ." (ಫ್ರೆಂಚಿನಲ್ಲಿ "ನೆನಪಿಗಾಗಿ") ಎಂಬ ಗುರುತು ಹಾಕುತ್ತಾರೆ. ಆಯೋಗದ ಮೇಲೆ ನಂಬಿಕೆ ಇಲ್ಲವೆಂದರೆ ಮೊತ್ತವನ್ನು ಮೀಸಲಿಗೆ ಹಾಕಿ "ಈ ವರದಿ ಕೊಟ್ಟ ಮೇಲೆ ಬಿಡುತ್ತೇವೆ" ಎಂದು ಷರತ್ತು ಬರೆಯುತ್ತಾರೆ. ಈ ಎರಡನೆಯ ಉಪಾಯ ನನಗೆ ಬಹಳ ಇಷ್ಟ.

ಎಡವುವುದು ಮತದಾನದಲ್ಲಿ. ತಿದ್ದುಪಡಿ ಪಾಸಾಗಲು ಹಾಜರಿದ್ದವರ ಬಹುಮತ ಸಾಲದು, ಒಟ್ಟು ಸದಸ್ಯರ ಬಹುಮತ ಬೇಕು, ಅಂದರೆ 361. ಗೈರುಹಾಜರಿ, ತಟಸ್ಥ ಎರಡೂ ವಿರೋಧದ ಲೆಕ್ಕವೇ. ಹಾಗಾಗಿ ದೊಡ್ಡ ಬಣಗಳು ಮೊದಲೇ ಕೂತು ಒಂದು ಕಟ್ಟು ಮಾಡಿಕೊಳ್ಳದೆ ಗತ್ಯಂತರವಿಲ್ಲ. ಏಳು ವರ್ಷದ ಹಣಕಾಸು ಚೌಕಟ್ಟಿನ ಮಿತಿ ಬೇರೆ ಮೇಲಿಂದ ಒತ್ತುತ್ತಿರುತ್ತದೆ. ಸಾಲ ಮಾಡಿ ಕೊರತೆ ತುಂಬುವ ಹಾಗೂ ಇಲ್ಲ, ಬಜೆಟ್ ಸರಿತೂಗಲೇಬೇಕು.

ಸಂಧಾನ ಮುರಿದುಬೀಳುವುದೂ ಉಂಟು. 2010, 2012, 2014, 2018ರಲ್ಲಿ 21 ದಿನ ಮುಗಿದರೂ ಒಪ್ಪಂದವಾಗಲಿಲ್ಲ. ಆಯೋಗ ಹೊಸ ಕರಡು ತಂದಿತು, ನಾಲ್ಕು ಸಲವೂ ಡಿಸೆಂಬರ್‌ನಲ್ಲೇ ಬಜೆಟ್ ಪಾಸಾಯಿತು. ಜನವರಿ 1 ಬಂದರೂ ಬಜೆಟ್ ಇಲ್ಲವೆಂದರೆ ಕಚೇರಿಗೆ ಬೀಗ ಬೀಳುವುದಿಲ್ಲ, ಹಿಂದಿನ ವರ್ಷದ ಮೊತ್ತದ ಹನ್ನೆರಡನೇ ಒಂದು ಪಾಲನ್ನು ತಿಂಗಳು ತಿಂಗಳಿಗೆ ಖರ್ಚು ಮಾಡಬಹುದು. ಜನರಿಂದ ನೇರ ಆಯ್ಕೆಯಾದ ಮೊದಲ ಪಾರ್ಲಿಮೆಂಟು 1979ರ ಡಿಸೆಂಬರ್‌ನಲ್ಲಿ ಇಡೀ ಬಜೆಟ್ಟನ್ನೇ ತಿರಸ್ಕರಿಸಿತು. ಕೃಷಿ ವೆಚ್ಚ ಮಿತಿಮೀರಿದೆ ಎನ್ನುವುದು ಮುಖ್ಯ ತಕರಾರುಗಳಲ್ಲಿ ಒಂದು. 1980ರ ಜುಲೈವರೆಗೆ ಹನ್ನೆರಡನೇ ಪಾಲಿನಲ್ಲೇ ಸಂಸಾರ ಸಾಗಿತು, ಆಕಾಶವೇನೂ ಕಳಚಿ ಬೀಳಲಿಲ್ಲ.

ಈಗ ನಿಮ್ಮ ಅರ್ಧ ಗಂಟೆಗೆ ಬರೋಣ. 2018ರಲ್ಲೂ 2023ರಲ್ಲೂ ಲೋಕಸಭೆ ಒಂದೇ ಒಂದು ಸಚಿವಾಲಯದ ಅನುದಾನ ಬೇಡಿಕೆಯನ್ನೂ ಚರ್ಚಿಸದೆ ಎಲ್ಲವನ್ನೂ ಗಿಲೊಟಿನ್‌ಗೆ ಕೊಟ್ಟಿತು, ಅಂದರೆ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸಿತು. ಅದನ್ನು ನೀವು ದಕ್ಷತೆ ಅನ್ನುತ್ತೀರಿ! ನಮ್ಮ ಸಂವಿಧಾನದ 113ನೇ ವಿಧಿ, ರಾಜ್ಯಗಳಿಗಾದರೆ 203ನೇ ವಿಧಿ, ಸದನಕ್ಕೆ ಅನುದಾನವನ್ನು ಒಪ್ಪುವ, ನಿರಾಕರಿಸುವ, ಇಳಿಸುವ ಅಧಿಕಾರ ಕೊಟ್ಟಿದೆ. ಏರಿಸುವ ಅಧಿಕಾರ ಕೊಟ್ಟಿಲ್ಲ. ಇಳಿಸುವುದಕ್ಕೆ ಕಡಿತ ಸೂಚನೆ ಇದೆ: ನೀತಿಯನ್ನೇ ವಿರೋಧಿಸುವುದಾದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನಬೇಕು, ಒಂದು ಕುಂದುಕೊರತೆ ಎತ್ತುವುದಾದರೆ 100 ರೂಪಾಯಿ ಕಡಿತ ಕೇಳಬೇಕು. ಆದರೆ ಸೂಚನೆ ಗೆದ್ದರೆ ಸರ್ಕಾರ ವಿಶ್ವಾಸ ಕಳೆದುಕೊಂಡ ಹಾಗೆ. ಆಳುವ ಪಕ್ಷದವನು ವಿಪ್ ಮೀರಿ ಕೈ ಎತ್ತಿದರೆ 1985ರ ಪಕ್ಷಾಂತರ ನಿಷೇಧ ಕಾನೂನು ಅವನ ಸ್ಥಾನವನ್ನೇ ತೆಗೆಯಬಹುದು. ಸ್ಟ್ರಾಸ್‌ಬರ್ಗ್‌ನಲ್ಲಿ ಹಾಗಿಲ್ಲ. ಒಂದು ಬಾಬಿನಲ್ಲಿ ಸೋತರೆ ಆಯೋಗ ಉರುಳುವುದಿಲ್ಲ, ಆದ್ದರಿಂದ ಸದಸ್ಯ ಬಾಬನ್ನು ಬಾಬಾಗಿ ನೋಡಿ ಮತ ಹಾಕಬಲ್ಲ.

ನಮ್ಮ ಪತ್ರಿಕೆಗಳೂ ಕಡಿಮೆಯೇನಲ್ಲ. ಬಜೆಟ್ ದಿನ ಯಾವುದು ಅಗ್ಗ, ಯಾವುದು ತುಟ್ಟಿ ಎಂದು ಮುಖಪುಟ ತುಂಬಿಸುತ್ತೇವೆ. ಬೇಡಿಕೆಗಳು ಮತಕ್ಕೆ ಬರುವ ದಿನ ಸುದ್ದಿ ಒಳಪುಟದ ಎರಡು ಸಾಲು. ನಿಮ್ಮಂಥ ಬಲ್ಲ ಓದುಗರೂ ಬೇಗ ಮುಗಿಯಲಿ ಎಂದರೆ ಶಾಸಕರಿಗೆ ಇನ್ನೇನು ಬೇಕು? ಮುಂದಿನ ಬಜೆಟ್ ಅಧಿವೇಶನ ಮುಗಿದ ಮೇಲೆ ನಿಮ್ಮ ಶಾಸಕರನ್ನು ಕೇಳಿ: ಯಾವ ಇಲಾಖೆಯ ಬೇಡಿಕೆ ಮೇಲೆ ಮಾತಾಡಿದಿರಿ, ಯಾವುದಕ್ಕಾದರೂ ಕಡಿತ ಸೂಚನೆ ಕೊಟ್ಟಿರಾ ಎಂದು. ಅವರು ಏನಂದರು ಅನ್ನುವುದನ್ನು ನಮಗೂ ಬರೆಯಿರಿ, ಹೆಸರು ಹಾಕದೆ ಪ್ರಕಟಿಸುತ್ತೇವೆ.