ಹಳೇ ಷೆವರ್ಲೆ ಬಾಡಿ, ಕಮಿನ್ಸ್ ಚಾಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ತಿಪಟೂರು ಕಡೆಯವನು, ಈಗ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಕ್ರಮೆಂಟೊ ಹತ್ರ ಇದೀನಿ. ಇಲ್ಲೊಬ್ಬ ರೈತರ ಶೆಡ್‌ನಲ್ಲಿದ್ದ 1950ರ ಷೆವರ್ಲೆ 3100 ಪಿಕಪ್ ತಗೊಂಡಿದೀನಿ. ಬಾಡಿ ಚೆನ್ನಾಗಿದೆ, ಆದ್ರೆ ಎಂಜಿನ್ ಜಾಮ್, ಚಾಸಿ ಹಿಂದ್ಗಡೆ ಪೂರ್ತಿ ತುಕ್ಕು ತಿಂದುಬಿಟ್ಟಿದೆ. ಡಾಡ್ಜ್ ರ‍್ಯಾಮ್ 2500 ಕಮಿನ್ಸ್ ಕಂಪನಿ ಡೀಸೆಲ್ ಎಂಜಿನ್ ಇರೋ ಗಾಡಿ ತಂದು ಅದರ ಚಾಸಿ ಮೇಲೆ ಈ ಬಾಡಿ ಕೂರಿಸೋ ಆಸೆ. ಯಾವ ವರ್ಷದ್ದು ತಗೊಳ್ಳಲಿ, ಚಾಸಿ ಕಟ್ ಮಾಡಲೇಬೇಕಾ, ಪೇಪರ್ಸ್ ಕಥೆ ಏನು?

ಉತ್ತರ: ಚಾಸಿ ತುಕ್ಕು ಹಿಡಿದಿದೆ, ಎಂಜಿನ್ ಜಾಮ್ ಆಗಿದೆ ಅಂದ್ರಲ್ಲ, ಹಾಗಾದ್ರೆ ಧೈರ್ಯವಾಗಿ ಮಾಡಿ. ಅದೇ ಗಾಡಿ ಒರಿಜಿನಲ್ ಎಂಜಿನ್‌ನಲ್ಲಿ ಇವತ್ತಿಗೂ ಓಡ್ತಾ ಇದ್ದಿದ್ರೆ ಮುಟ್ಟಬೇಡಿ ಅಂತಲೇ ಹೇಳ್ತಿದ್ದೆ, ಯಾಕಂದ್ರೆ ಎಪ್ಪತ್ತು ವರ್ಷ ಒಂದೂ ಕಟ್ ಆಗದೆ ಉಳಿದಿರೋ ಚಾಸಿಯನ್ನ ಒಂದ್ಸಲ ಬೇರೆ ಮಾಡಿದ್ರೆ ಮತ್ತೆ ಯಾರೂ ವಾಪಸ್ ಕೂಡಿಸಲ್ಲ.

ವರ್ಷದ ವಿಷಯ. ಡಾಡ್ಜ್‌ನವರು ಪಿಕಪ್‌ಗೆ 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಹಾಕೋಕೆ ಶುರು ಮಾಡಿದ್ದು 1989ರಲ್ಲಿ. 1994ರಲ್ಲಿ ಗಾಡಿ ಹೊಸ ರೂಪಕ್ಕೆ ಬಂತು, 1998ರ ಮಧ್ಯದ ತನಕ ಅದೇ 12 ವಾಲ್ವ್ ಎಂಜಿನ್, ಆಮೇಲೆ ಬಂದಿದ್ದು ಎಲೆಕ್ಟ್ರಾನಿಕ್ ಡೀಸೆಲ್ ಪಂಪಿನ 24 ವಾಲ್ವ್. ನಿಮಗೆ ಬೇಕಾಗಿರೋದು 12 ವಾಲ್ವ್. ಅದರ ಪಂಪ್ ಪೂರ್ತಿ ಮೆಕ್ಯಾನಿಕಲ್, ಕಂಪ್ಯೂಟರ್ ಇಲ್ಲದೆ ಓಡುತ್ತೆ, ಡೀಸೆಲ್ ಬಿಡೋ, ಬಂದ್ ಮಾಡೋ ಸೊಲೆನಾಯ್ಡ್ ಅನ್ನೋ ಕರೆಂಟ್ ಸ್ವಿಚ್‌ಗೆ ಕರೆಂಟ್ ಕೊಟ್ಟು ಸ್ಟಾರ್ಟರ್ ತಿರುಗಿಸಿದ್ರೆ ಸಾಕು, ಹಾಗಾಗಿ ರ‍್ಯಾಮ್‌ನ ಅರ್ಧಕ್ಕರ್ಧ ವೈರಿಂಗ್ ಕಿತ್ತು ಪಕ್ಕಕ್ಕೆ ಇಡಬಹುದು. ಗೇರ್‌ಬಾಕ್ಸ್ ಮ್ಯಾನುಯಲ್ಲೇ ಇರಲಿ, 1996ರಿಂದ ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರ್ ಹಾಕೋದು ಕಂಪ್ಯೂಟರ್, ಆಗ ಬೇಡ ಅಂದಿದ್ದ ವೈರಿಂಗೆಲ್ಲ ಮತ್ತೆ ಬೇಕಾಗುತ್ತೆ. ಇನ್ನೊಂದು ಕಾರಣ ನಿಮ್ಮ ಊರಿನದ್ದೇ: ಕ್ಯಾಲಿಫೋರ್ನಿಯಾದಲ್ಲಿ 1998 ಮತ್ತು ಆಮೇಲಿನ ಡೀಸೆಲ್ ಪಿಕಪ್‌ಗಳಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇದೆ, 1997 ಮತ್ತು ಅದಕ್ಕಿಂತ ಹಳೇದಕ್ಕೆ ಇಲ್ಲ. ಅಲ್ಲಿಗೆ 1994ರಿಂದ 1997ರ ಒಳಗಿನ ಗಾಡಿ ಅಂತ ಆಯ್ತು.

ಈಗ ಅಳತೆ. ಬಹಳ ಜನ ಎಡವೋದು ಇಲ್ಲೇ. ನಿಮ್ಮ 3100ರ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯದ ತನಕ, 116 ಇಂಚು. ರ‍್ಯಾಮ್ 2500 ಸಿಂಗಲ್ ಕ್ಯಾಬಿನ್, ಹಿಂದೆ ಸಾಮಾನು ತುಂಬೋ ಎಂಟಡಿ ತೊಟ್ಟಿಯ ಗಾಡಿದು 134.7 ಇಂಚು. ಸುಮಾರು 19 ಇಂಚು ಜಾಸ್ತಿ ಆಯ್ತು. ಎಲ್ಲರೂ ಮಾಡೋದು ಏನಂದ್ರೆ ಚಾಸಿ ಮಧ್ಯ ಕಟ್ ಮಾಡಿ ಅಷ್ಟು ತೆಗೆದು ವೆಲ್ಡ್ ಹೊಡೆದು ಒಳಗಡೆ ಪಟ್ಟಿ ಕೊಟ್ಟು ಪ್ರೊಪೆಲ್ಲರ್ ಶಾಫ್ಟ್ ಚಿಕ್ಕದು ಮಾಡಿಸೋದು. ಮಾಡಬಾರದು ಅಂತೇನಿಲ್ಲ, ಲಾರಿ ಚಾಸಿ ವೆಲ್ಡಿಂಗಲ್ಲಿ ಪಳಗಿದ ಕೈ ಇದ್ರೆ ಆಗುತ್ತೆ, ಕಟ್ ನೇರ ಇರದೆ ಓರೆಯಾಗಿ ಇರಬೇಕು, ಶಾಫ್ಟ್ ಬ್ಯಾಲೆನ್ಸ್ ಮಾಡಿಸಲೇಬೇಕು. ಆದ್ರೆ ಕಟ್ ಮಾಡದೇ ಇರೋ ದಾರಿ ಒಂದಿದೆ ನೋಡಿ. ಆ ಕಾಲದಲ್ಲಿ ಷೆವರ್ಲೆ ಇದೇ ಮುಖದ ಗಾಡಿಯನ್ನ ಮೂರು ಉದ್ದದಲ್ಲಿ ಮಾಡ್ತಿತ್ತು: ಅರ್ಧ ಟನ್ 3100ಕ್ಕೆ 116, ಮುಕ್ಕಾಲು ಟನ್ 3600ಕ್ಕೆ 125.25, ಒಂದು ಟನ್ 3800ಕ್ಕೆ 137 ಇಂಚು. ಕ್ಯಾಬಿನ್ ಒಂದೇ, ಬಾನೆಟ್ ಒಂದೇ, ಬದಲಾಗೋದು ಮುಖ್ಯವಾಗಿ ತೊಟ್ಟಿ ಮತ್ತು ಕಾಲಿಡೋ ಮೆಟ್ಟಿಲು. 137ಕ್ಕೂ 134.7ಕ್ಕೂ ಎರಡು ಇಂಚು ಚಿಲ್ಲರೆ ಅಷ್ಟೇ ವ್ಯತ್ಯಾಸ, ಅದನ್ನ ತೊಟ್ಟಿ ಕೂರಿಸೋವಾಗ್ಲೇ ಸರಿ ಮಾಡ್ಕೋಬಹುದು! ಆದ್ದರಿಂದ ನಿಮ್ಮ ಆರೂವರೆ ಅಡಿ ತೊಟ್ಟಿ ಮಾರಿ 3800ರ ಒಂಬತ್ತು ಅಡಿ ತೊಟ್ಟಿ, ಮೆಟ್ಟಿಲು ಹುಡುಕಿ. ಚಿಕ್ಕ ತೊಟ್ಟಿಗೆ ಬೇಡಿಕೆ ಜಾಸ್ತಿ, ಉದ್ದದ್ದಕ್ಕೆ ಕಮ್ಮಿ. ಗಾಡಿ ಉದ್ದ ಆಗುತ್ತೆ ನಿಜ, ಆದ್ರೆ ಚಾಸಿಗೆ ಗರಗಸ ಹಾಕದೇ ಕೆಲಸ ಮುಗಿಯುತ್ತೆ, ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ ಇಲ್ಲ.

ಗಾಡಿ ತರೋಕ್ ಮುಂಚೆ ಇನ್ನೊಂದು ಅಳತೆನೂ ತಗೊಳ್ಳಿ, ಮುಂದಿನ ಆಕ್ಸಲ್ ಮಧ್ಯದಿಂದ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ತಗಡಿನ ಗೋಡೆ) ತನಕ ಎಷ್ಟಿದೆ ಅಂತ, ಎರಡೂ ಗಾಡಿದು. ಮಡ್‌ಗಾರ್ಡ್ ಮಧ್ಯದಲ್ಲಿ ಚಕ್ರ ನಿಲ್ಲಬೇಕು, ಒಂದು ಇಂಚು ಆ ಕಡೆ ಈ ಕಡೆ ಆದ್ರೂ ನೋಡಿದವರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ. ಚಕ್ರ ಮಧ್ಯಕ್ಕೆ ಬಂದಾಗ ಎಂಜಿನ್ ಹಿಂಭಾಗ ಫೈರ್‌ವಾಲ್‌ಗೆ ತಾಗುತ್ತೆ, ಕಮಿನ್ಸ್ ಉದ್ದವೂ ಹೌದು ಎತ್ತರವೂ ಹೌದು, ಫೈರ್‌ವಾಲ್ ಕಟ್ ಮಾಡಿ ಒಳಕ್ಕೆ ಗೂಡು ಮಾಡ್ಬೇಕು, ಕಾಲಿಡೋ ಜಾಗ ಅಷ್ಟು ಕಮ್ಮಿ ಆಗುತ್ತೆ. ಇದಕ್ಕೆ ಬೇಸರ ಪಡೋದು ಬೇಡ, ಎಂಜಿನ್ ಮುಂದಕ್ಕೆ ತಳ್ಳೋ ಯೋಚನೆಯಂತೂ ಬೇಡವೇ ಬೇಡ, ಒಣ ತೂಕವೇ ಹತ್ತಿರ ಹತ್ತಿರ 500 ಕೆಜಿ ಇರೋ ಎಂಜಿನ್ ಅದು, ಇದ್ದ ಮೌಂಟ್ ಮೇಲೇ ಇರಲಿ. ಬಾನೆಟ್ ಮೂತಿ ಕಿರಿದು, ರೇಡಿಯೇಟರ್ ಮತ್ತು ಇಂಟರ್‌ಕೂಲರ್ (ಎಂಜಿನ್‌ಗೆ ಹೋಗೋ ಗಾಳಿ ತಂಪು ಮಾಡೋದು) ಅಗಲ, ಅದನ್ನ ಹೊಂದಿಸೋಕೆ ರೇಡಿಯೇಟರ್ ಸಪೋರ್ಟ್ ಹೊಸದಾಗೇ ಮಾಡ್ಬೇಕಾಗಬಹುದು. ರ‍್ಯಾಮ್ ಆಕ್ಸಲ್‌ಗಳೂ ಅಗಲ, ಟೈರು ಮಡ್‌ಗಾರ್ಡ್‌ನಿಂದ ಆಚೆ ಬರ್ತವೆ, ಕೆಲವರು ಮಡ್‌ಗಾರ್ಡನ್ನ ಉದ್ದಕ್ಕೆ ಸೀಳಿ ನಡುವೆ ಮೂರ್ನಾಲ್ಕು ಇಂಚು ತಗಡು ಸೇರಿಸ್ತಾರೆ. ಒಳ್ಳೆ ಟಿಂಕರಿಂಗ್ ಕೆಲಸ ಆದ್ರೆ ಕಾರ್ಖಾನೆಯಿಂದಲೇ ಹಾಗೆ ಬಂದಂಗೆ ಕಾಣುತ್ತೆ. ಕ್ಯಾಬಿನ್ನನ್ನ ಮಾತ್ರ ಚಾಸಿಗೆ ನೇರ ವೆಲ್ಡ್ ಮಾಡ್ಬೇಡಿ, ರಬ್ಬರ್ ಬುಶ್ ಮೇಲೇ ಕೂರಿಸಿ, ಚಾಸಿ ತಿರುಚಿದಾಗ ಕ್ಯಾಬಿನ್‌ನ ಮೂಲೆಗಳು ಬಿರುಕು ಬಿಡದೆ ಇರೋದು ಅದರಿಂದಲೇ.

ಮುಂಭಾಗ ಬಿಚ್ಚಿರೋವಾಗ್ಲೇ ಮಾಡಬೇಕಾದ ಒಂದು ಕೆಲಸ ಇದೆ, ದಯವಿಟ್ಟು ಮರೀಬೇಡಿ. 12 ವಾಲ್ವ್ ಎಂಜಿನ್ನಿನ ಟೈಮಿಂಗ್ ಗೇರ್ ಕೇಸ್ ಒಳಗೆ ಒಂದು ಸಣ್ಣ ಡವೆಲ್ ಪಿನ್ (ಭಾಗಗಳನ್ನ ಸರಿಯಾದ ಜಾಗದಲ್ಲಿ ಕೂರಿಸೋ ಗೂಟ) ಇದೆ, ವೈಬ್ರೇಶನ್‌ಗೆ ಅದು ನಿಧಾನಕ್ಕೆ ಹೊರಗೆ ಜಾರಿ ಗೇರುಗಳ ಮಧ್ಯ ಬಿದ್ರೆ ಕೇಸ್ ಒಡೆದು ಎಂಜಿನ್ನೇ ಹಾಳಾಗುತ್ತೆ, ಅಲ್ಲಿನ ಮೆಕ್ಯಾನಿಕ್‌ಗಳು ಅದನ್ನ ಕಿಲ್ಲರ್ ಡವೆಲ್ ಪಿನ್ ಅಂತಲೇ ಕರೆಯೋದು. ಪಕ್ಕದ ಬೋಲ್ಟ್ ಕೆಳಗೆ ಒಂದು ಚಿಕ್ಕ ಕಬ್ಬಿಣದ ಪಟ್ಟಿ ಹಾಕಿ ಪಿನ್ ಬಾಯಿ ಅಡ್ಡಗಟ್ಟಿದ್ರೆ ಮುಗೀತು.

ಆಮೇಲೆ ಸೇಫ್ಟಿ, ಬಣ್ಣ ಕ್ರೋಮ್ ಎಲ್ಲಕ್ಕಿಂತ ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ. ಹಳೇ ಷೆವರ್ಲೆ ಸ್ಟೀರಿಂಗ್ ಕಂಬ ಒಂದೇ ಗಟ್ಟಿ ರಾಡು, ಎದುರಿಂದ ಗುದ್ದಿದ್ರೆ ಸೀದಾ ಡ್ರೈವರ್ ಎದೆಗೆ ಬರುತ್ತೆ, ರ‍್ಯಾಮ್‌ನ ಮಡಚಿಕೊಳ್ಳೋ ಕಾಲಂ ಹಾಕಿ. ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೆ ಸೀಟ್ ಹಿಂದೆ ಇರುತ್ತೆ, ಅದನ್ನ ತೆಗೆದು ಚಾಸಿ ಮೇಲಿನ ರ‍್ಯಾಮ್ ಟ್ಯಾಂಕೇ ಇಟ್ಕೊಳ್ಳಿ. ಸೀಟ್ ಬೆಲ್ಟ್ ಆ ಕಾಲದಲ್ಲಿ ಇರಲೇ ಇಲ್ಲ, ತಗಡಿಗೆ ಬೋಲ್ಟ್ ಹಾಕಿದ್ರೆ ಕಿತ್ಕೊಂಡು ಬರುತ್ತೆ, ಕೆಳಗೆ ದಪ್ಪ ಪ್ಲೇಟ್ ಕೊಟ್ಟು ಹಾಕಿ. ಡೀಸೆಲ್ ಎಂಜಿನ್‌ಗೆ ಪೆಟ್ರೋಲ್ ಎಂಜಿನ್ ತರ ವ್ಯಾಕ್ಯೂಮ್ ಹುಟ್ಟಲ್ಲ, ಹಾಗಾಗಿ ನೀವು ತಗೊಳ್ಳೋ ಗಾಡಿಯಲ್ಲಿ ವ್ಯಾಕ್ಯೂಮ್‌ನಿಂದ ಕೆಲಸ ಮಾಡೋ ಬ್ರೇಕ್ ಬೂಸ್ಟರ್ (ಪೆಡಲ್ ಹಗುರ ಮಾಡೋ ಸಾಧನ) ಇದ್ರೆ ಅದರ ಜೊತೆಗೆ ಆ ಗಾಡಿದೇ ವ್ಯಾಕ್ಯೂಮ್ ಪಂಪನ್ನೂ ಬಿಡದೆ ತನ್ನಿ. ಷೆವರ್ಲೆ ಕರೆಂಟು 6 ವೋಲ್ಟ್, ರ‍್ಯಾಮ್‌ದು 12, ಹಳೇ ಮೀಟರ್‌ಗಳನ್ನ ಉಳಿಸಿಕೊಳ್ಳಬೇಕಂದ್ರೆ ವೋಲ್ಟೇಜ್ ಇಳಿಸೋ ಸಾಮಾನು ಹಾಕ್ಬೇಕು.

ಕೊನೇದು ಪೇಪರ್ಸ್, ಆದ್ರೆ ಕೆಲಸದಲ್ಲಿ ಇದೇ ಮೊದಲು ಆಗಬೇಕು. ಷೆವರ್ಲೆಯ ಗುರುತಿನ ನಂಬರ್ ಇರೋ ಪ್ಲೇಟ್ (ರಸ್ತೆ ನಂಬರ್ ಪ್ಲೇಟ್ ಅಲ್ಲ) ಕ್ಯಾಬಿನ್ನಿನ ಎಡ ಬಾಗಿಲ ಕಂಬದ ಮೇಲಿದೆ, ರ‍್ಯಾಮ್ ನಂಬರ್ ಡ್ಯಾಶ್ ಮೇಲೂ ಇದೆ ಚಾಸಿ ಮೇಲೂ ಇದೆ. ಎರಡು ಗಾಡಿ ಸೇರಿ ಒಂದಾದಾಗ ಅದು ಯಾವ ಗಾಡಿ ಅಂತ ತೀರ್ಮಾನ ಮಾಡೋದು ನೀವಲ್ಲ, ಡಿಎಂವಿ (ಅಲ್ಲಿನ ಆರ್‌ಟಿಓ ಇದ್ದಂಗೆ). ಒಂದರ ಪ್ಲೇಟ್ ಕಿತ್ತು ಇನ್ನೊಂದಕ್ಕೆ ಹೊಡೆಯೋದು ಫೆಡರಲ್ ಕಾನೂನಲ್ಲಿ ಅಪರಾಧ, ಯಾರು ಏನೇ ಹೇಳಿದ್ರೂ ಆ ತಗಡನ್ನ ಮುಟ್ಟಬೇಡಿ. ಎರಡೂ ಗಾಡಿಗಳ ಟೈಟಲ್ (ಮಾಲೀಕತ್ವದ ಪತ್ರ) ಕೈಯಲ್ಲಿ ಇಟ್ಕೊಂಡು, ಮೊದಲ ಬೋಲ್ಟ್ ಬಿಚ್ಚೋಕೆ ಮುಂಚೆ ಡಿಎಂವಿಗೆ ಹೋಗಿ ಕೇಳಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ, ಪ್ರತಿ ಹಂತದ ಫೋಟೋ ಇಡಿ, ಕೊಂಡ ಬಿಡಿ ಭಾಗಗಳ ಬಿಲ್ ಎಲ್ಲ ಒಂದೇ ಫೈಲಲ್ಲಿರಲಿ. ಇನ್ಶೂರೆನ್ಸ್‌ನವರಿಗೂ ಇದ್ದದ್ದು ಇದ್ದಹಾಗೆ ಹೇಳಿ.

ಪ್ರಶ್ನೆ: ಬಾಡಿ ಎತ್ತಿ ಇಡೋ ಇಷ್ಟೆಲ್ಲ ಕಷ್ಟ ಯಾಕೆ ಸರ್, ಹಳೇ ಚಾಸಿ ಚೆನ್ನಾಗಿದ್ರೆ ಅದಕ್ಕೇ ಡೀಸೆಲ್ ಎಂಜಿನ್ ಇಳಿಸಬಹುದಲ್ಲ? (ಡಿಪ್ಲೊಮಾ ವಿದ್ಯಾರ್ಥಿ, ಗದಗ)

ಉತ್ತರ: ಒಳ್ಳೆ ಪ್ರಶ್ನೆ. ಆ ಷೆವರ್ಲೆಯ 216 ಕ್ಯೂಬಿಕ್ ಇಂಚಿನ ಎಂಜಿನ್ ಕೊಡ್ತಿದ್ದ ಶಕ್ತಿ ಸುಮಾರು 90 ಎಚ್‌ಪಿ, ಟಾರ್ಕ್ (ತಿರುಗಿಸೋ ಬಲ) 170 ಪೌಂಡ್-ಅಡಿ ಆಸುಪಾಸು. ಮೊದಮೊದಲ ಡಾಡ್ಜ್ ಕಮಿನ್ಸ್ ಟಾರ್ಕೇ 400. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಶಾಫ್ಟು ಆ ಗಾಡಿಯಲ್ಲಿ ಒಂದು ಮುಚ್ಚಿದ ಕೊಳವೆ ಒಳಗಿದೆ, ಎರಡು ಪಟ್ಟಿಗಿಂತ ಜಾಸ್ತಿ ಟಾರ್ಕ್ ಬಂದ್ರೆ ಅದೂ ಉಳಿಯಲ್ಲ, ಆಕ್ಸಲ್ಲೂ ಉಳಿಯಲ್ಲ. ಆಕ್ಸಲ್ ಬದಲಿಸಿದ್ರೆ ಸ್ಪ್ರಿಂಗ್ ಬದಲಿಸ್ಬೇಕು, ಮುಂದೆ ಭಾರ ಜಾಸ್ತಿ ಆಗಿದ್ದಕ್ಕೆ ಮುಂದಿನ ಆಕ್ಸಲ್, ಸ್ಟೀರಿಂಗ್, ಬ್ರೇಕ್ ಎಲ್ಲ ಬದಲಿಸ್ಬೇಕು. ಕೊನೆಗೆ ಹಳೇದು ಅಂತ ಉಳಿಯೋದು ಎರಡು ಉದ್ದನೆ ಕಬ್ಬಿಣದ ಪಟ್ಟಿ ಮಾತ್ರ. ಪೂರ್ತಿ ಚಾಸಿನೇ ತಂದ್ರೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕ್ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದ್ದು ಒಟ್ಟಿಗೇ ಸಿಗುತ್ತೆ.

ಪ್ರಶ್ನೆ: ನಮ್ಮ ತೋಟದಲ್ಲಿ ತಾತನ ಕಾಲದ್ದು 1962ರ ವಿಲ್ಲೀಸ್ ಪಿಕಪ್ ನಿಂತಿದೆ. ಬೊಲೆರೊ ಪಿಕಪ್ ಚಾಸಿ ಮೇಲೆ ಅದರ ಬಾಡಿ ಕೂರಿಸಿದ್ರೆ ಆರ್‌ಟಿಓದಲ್ಲಿ ಒಪ್ತಾರಾ? (ಮೂಡಿಗೆರೆ)

ಉತ್ತರ: ಇಲ್ಲ, ಒಪ್ಪಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಆಗೋ ಹಾಗೆ ಮಾರ್ಪಾಡು ಮಾಡೋಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ ಅಂತ ಇದೆ. ಊರಲ್ಲಿ ಎಷ್ಟೋ ಜೀಪುಗಳಿಗೆ ಬೇರೆ ಎಂಜಿನ್ ಹಾಕಿ ಓಡಿಸ್ತಾರೆ ಅಂತ ನೀವೂ ಹೊರಡಬೇಡಿ, ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡೋದು ಚಾಸಿ ನಂಬರೇ.

ನಿಮ್ಮ ಹತ್ರ ಇರೋದಕ್ಕೆ ಇದಕ್ಕಿಂತ ಚೆನ್ನಾಗಿರೋ ದಾರಿ ಇರಬಹುದು, ಪಿಕಪ್‌ಗೂ ಅದು ಅನ್ವಯಿಸುತ್ತಾ ಅಂತ ಮೊದಲು ಆರ್‌ಟಿಓದಲ್ಲಿ ಕೇಳ್ಕೊಳ್ಳಿ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ನಿಯಮ ಬಂದಿದೆ. ಹೊಸ ನೋಂದಣಿಗೆ 20,000, ಹತ್ತು ವರ್ಷ ಆದ್ಮೇಲೆ ನವೀಕರಣಕ್ಕೆ 5,000, ನಂಬರಿನಲ್ಲಿ ವಿಎ ಅಂತ ಇರುತ್ತೆ. ಷರತ್ತು ಏನಂದ್ರೆ ಚಾಸಿ, ಬಾಡಿ, ಎಂಜಿನ್ ಯಾವುದಕ್ಕೂ ದೊಡ್ಡ ಮಾರ್ಪಾಡು ಆಗಿರಬಾರದು, ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸಬಾರದು. ಅಂದ್ರೆ ಅದರ ಹರಿಕೇನ್ ಪೆಟ್ರೋಲ್ ಎಂಜಿನ್ ಇನ್ನೂ ಒಳಗೇ ಇದ್ರೆ ನೀವು ನಿಜಕ್ಕೂ ಅದೃಷ್ಟವಂತರು, ಗುಜರಿಗೆ ಕೊಡಬೇಡಿ, ಅದನ್ನೇ ರೆಡಿ ಮಾಡಿಸಿ. ಕಾಫಿ ಮೂಟೆ ಹೊರೋ ಕೆಲಸಕ್ಕೆ ಬೊಲೆರೊ ಬೇರೆಯೇ ಇರಲಿ. ಅರ್ಜಿ ಜೊತೆ ಹಳೇ ಆರ್‌ಸಿ ಕೇಳ್ತಾರೆ, ಹಾಗಾಗಿ ಮೆಕ್ಯಾನಿಕ್ ಕರೆಯೋಕೆ ಮುಂಚೆ ತಾತನ ಪೆಟ್ಟಿಗೆಯಲ್ಲಿ ಅದು ಇದೆಯಾ ಅಂತ ಹುಡುಕಿ, ಅದರಲ್ಲಿರೋ ಚಾಸಿ ನಂಬರನ್ನ ಗಾಡಿಯ ನಂಬರ್ ಜೊತೆ ಹೋಲಿಸಿ ನೋಡಿ, ಹೊಂದಿದ್ರೆ ಫೋಟೋ ತೆಗೆದು ನಮಗೂ ಕಳ್ಸಿ, ಮುಂದಿನದ್ದು ಹಂತ ಹಂತವಾಗಿ ಹೇಳ್ತೀನಿ.